ಸರ್ವರ್ ಗಡಿಯಾರಗಳನ್ನು ನಿಖರವಾಗಿಡುವುದು: ಎನ್‌ಟಿಪಿ ಮತ್ತು ಕ್ರೋನಿ ಅಳವಡಿಕೆಯ ಸಮಗ್ರ ಮಾರ್ಗದರ್ಶಿ

ಒಂದೇ ಜಾಲದಲ್ಲಿರುವ ಎರಡು ಸರ್ವರ್‌ಗಳ ಲಾಗ್ ಕಡತಗಳನ್ನು ಅಕ್ಕಪಕ್ಕ ಇಟ್ಟು ಓದುವಾಗ, ಕೋರಿಕೆ ಬರುವ ಮೊದಲೇ ಅದಕ್ಕೆ ಉತ್ತರ ಹೊರಟಂತೆ ಕಂಡರೆ, ಪ್ರೋಗ್ರಾಮನ್ನು ಶಂಕಿಸುವ ಮುಂಚೆ ಗಡಿಯಾರಗಳನ್ನು ನೋಡಬೇಕು. ಸರ್ವರ್‌ನ ಮದರ್‌ಬೋರ್ಡಿನಲ್ಲಿರುವ ಕ್ವಾರ್ಟ್ಜ್ ಹರಳು ಅಗ್ಗದ ವಸ್ತು. ಅದರ ಕಂಪನ ಹತ್ತು ಲಕ್ಷಕ್ಕೆ ಹತ್ತು ಭಾಗದಷ್ಟು, ಅಂದರೆ 10 ಪಿಪಿಎಂನಷ್ಟು ತಪ್ಪಿದರೂ ದಿನಕ್ಕೆ 0.86 ಸೆಕೆಂಡು, ತಿಂಗಳಿಗೆ ಸುಮಾರು 26 ಸೆಕೆಂಡು ವ್ಯತ್ಯಾಸವಾಗುತ್ತದೆ. ತಾಪಮಾನ ಏರಿಳಿದಂತೆ ಈ ತಪ್ಪಿನ ಪ್ರಮಾಣವೂ ಬದಲಾಗುವುದರಿಂದ, ಒಮ್ಮೆ ಲೆಕ್ಕ ಹಾಕಿ ತಿದ್ದಿಬಿಟ್ಟರೆ ಸಾಕು ಎನ್ನುವಂತಿಲ್ಲ. ಸರಿಯಾದ ಸಮಯವನ್ನು ಜಾಲದ ಮೂಲಕ ಕೇಳಿ ತಿಳಿಯುವ ನಿಯಮಾವಳಿಯೇ ಎನ್‌ಟಿಪಿ; ಅದರಂತೆ ಲಿನಕ್ಸ್ ಯಂತ್ರದ ಗಡಿಯಾರವನ್ನು ಸದಾ ತಿದ್ದುತ್ತಿರುವ ಪ್ರೋಗ್ರಾಂ ಕ್ರೋನಿ.

ಹಾನಿ ಲಾಗ್‌ಗಳಿಗೆ ಸೀಮಿತವಲ್ಲ. ಬಳಕೆದಾರರ ಗುರುತನ್ನು ಜಾಲದಲ್ಲಿ ಪರಿಶೀಲಿಸುವ ಕರ್ಬೆರೋಸ್ ದೃಢೀಕರಣವು ಸಾಮಾನ್ಯ ಹೊಂದಾಣಿಕೆಯಲ್ಲಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಮೂಡುವ ಒಮ್ಮೆ ಬಳಸುವ ಸಂಕೇತಗಳು 30 ಸೆಕೆಂಡುಗಳ ಅವಧಿಯ ಲೆಕ್ಕದಲ್ಲಿ ನಡೆಯುತ್ತವೆ. ಕೊನೆಯದಾಗಿ ಬರೆದದ್ದೇ ಗೆಲ್ಲುವ ಕಸಾಂಡ್ರಾದಂಥ ದತ್ತಸಂಗ್ರಹದಲ್ಲಿ ಗಡಿಯಾರ ಮುಂದಿರುವ ಯಂತ್ರದ ಹಳೆಯ ಮಾಹಿತಿ, ಸರಿಯಾದ ಗಡಿಯಾರವಿರುವ ಯಂತ್ರದ ಹೊಸ ಮಾಹಿತಿಯನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಮೂರರಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಈ ಕೊನೆಯದು, ಏಕೆಂದರೆ ಅದು ಯಾವ ದೋಷಸಂದೇಶವನ್ನೂ ಕೊಡುವುದಿಲ್ಲ.

ಭಾರತದಲ್ಲಿ ಸರ್ವರ್ ನಡೆಸುವವರಿಗೆ ಇದು ಕಾನೂನಿನ ವಿಷಯವೂ ಹೌದು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಸೇವಾದಾತರು, ಡೇಟಾ ಸೆಂಟರ್‌ಗಳು, ಕಂಪನಿಗಳು ಹಾಗೂ ಸರ್ಕಾರಿ ಸಂಸ್ಥೆಗಳು ತಮ್ಮ ಎಲ್ಲ ವ್ಯವಸ್ಥೆಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ (ಎನ್‌ಪಿಎಲ್) ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಮೂಲ ಗುರುತಿಸಬಹುದಾದ ಸರ್ವರ್‌ಗಳಿಗೆ ಹೊಂದಿಸಬೇಕು. ಹಲವು ದೇಶಗಳಲ್ಲಿ ಹರಡಿಕೊಂಡಿರುವ ಕಂಪನಿಗಳು ಬೇರೆ ಪ್ರಮಾಣಿತ ಮೂಲವನ್ನು ಬಳಸಬಹುದಾದರೂ ಅದು ಎನ್‌ಪಿಎಲ್ ಮತ್ತು ಎನ್‌ಐಸಿ ಸಮಯದಿಂದ ವಿಚಲಿತವಾಗದಂತೆ ನೋಡಿಕೊಳ್ಳುವ ಹೊಣೆ ಅವುಗಳದೇ. ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂಬ ಷರತ್ತೂ ಅದೇ ನಿರ್ದೇಶನದಲ್ಲಿದೆ.

ಈ ಮಾರ್ಗದರ್ಶಿಯು ಕೆಲವು ಡಜನ್ ಲಿನಕ್ಸ್ ಸರ್ವರ್‌ಗಳಿರುವ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಮಧ್ಯಮ ಗಾತ್ರದ ಒಂದು ಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು. ಉದ್ದಕ್ಕೂ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡಿದ್ದೇನೆ: ನಮ್ಮ ಗಡಿಯಾರ ಈ ಕ್ಷಣದಲ್ಲಿ ಹೆಚ್ಚೆಂದರೆ ಎಷ್ಟು ತಪ್ಪಿರಬಹುದು? ಇದಕ್ಕೆ ಅಂಕಿಯಲ್ಲಿ ಉತ್ತರ ಹೇಳಲಾಗದ ಅಳವಡಿಕೆಯನ್ನು ಅಪೂರ್ಣವೆಂದೇ ತಿಳಿಯಬೇಕು.

ಹಂತ 1: ಎನ್‌ಟಿಪಿ ಅಳೆಯುವುದೇನು ಎಂದು ತಿಳಿಯುವುದು

ಮುಂದೆ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಡೇವಿಡ್ ಮಿಲ್ಸ್ ರೂಪಿಸಿದ ಎನ್‌ಟಿಪಿ 1985ರಲ್ಲಿ ಮೊದಲ ಬಾರಿಗೆ ದಾಖಲೆಯಾಗಿ ಹೊರಬಂತು; ಈಗ ಚಾಲ್ತಿಯಲ್ಲಿರುವ ನಾಲ್ಕನೇ ಆವೃತ್ತಿಯ ವಿವರಣೆ 2010ರದು. ಇದರ ತಿರುಳು ನಾಲ್ಕು ಸಮಯಮುದ್ರೆಗಳಲ್ಲಿದೆ: ಕೋರಿಕೆ ನಮ್ಮಿಂದ ಹೊರಟದ್ದು, ಸರ್ವರ್‌ಗೆ ತಲುಪಿದ್ದು, ಅಲ್ಲಿಂದ ಉತ್ತರ ಹೊರಟದ್ದು, ಉತ್ತರ ನಮಗೆ ತಲುಪಿದ್ದು. ಈ ನಾಲ್ಕರಿಂದ ಹೋಗಿಬರುವ ವಿಳಂಬವನ್ನೂ ಎರಡು ಗಡಿಯಾರಗಳ ನಡುವಿನ ಅಂತರವನ್ನೂ ಲೆಕ್ಕಹಾಕಬಹುದು. ಆದರೆ ಹೋಗುವ ದಾರಿಗೂ ಬರುವ ದಾರಿಗೂ ಅಷ್ಟೇ ಹೊತ್ತು ಹಿಡಿಯುತ್ತದೆ ಎಂಬ ಊಹೆ ಈ ಲೆಕ್ಕದೊಳಗೆ ಅಡಗಿದೆ. ಹೋಗಲು 30 ಮಿಲಿಸೆಕೆಂಡು, ಬರಲು 10 ಮಿಲಿಸೆಕೆಂಡು ಹಿಡಿದರೆ, ವ್ಯತ್ಯಾಸದ ಅರ್ಧ, ಅಂದರೆ 10 ಮಿಲಿಸೆಕೆಂಡು, ನಮಗೆ ಗೊತ್ತೇ ಆಗದಂತೆ ತಪ್ಪಾಗಿ ಸೇರಿಕೊಳ್ಳುತ್ತದೆ. ದೂರದ ಸರ್ವರ್ ಎಷ್ಟೇ ನಿಖರವಾಗಿದ್ದರೂ ದಾರಿ ಉದ್ದವಾದಷ್ಟೂ ಅನಿಶ್ಚಿತತೆ ಹೆಚ್ಚುವುದು ಇದೇ ಕಾರಣಕ್ಕೆ.

ಸ್ಟ್ರಾಟಮ್ ಎಂಬುದು ಮೂಲದಿಂದ ನಾವು ಎಷ್ಟು ಮೆಟ್ಟಿಲು ದೂರದಲ್ಲಿದ್ದೇವೆ ಎಂಬುದರ ಸಂಖ್ಯೆ. ಪರಮಾಣು ಗಡಿಯಾರ ಅಥವಾ ಉಪಗ್ರಹ ಗ್ರಾಹಕ ಸೊನ್ನೆ, ಅದಕ್ಕೆ ನೇರವಾಗಿ ಜೋಡಿಸಿದ ಸರ್ವರ್ 1, ಹೀಗೆ 15ರವರೆಗೆ. 16 ಎಂದರೆ ಹೊಂದಾಣಿಕೆಯೇ ಆಗಿಲ್ಲವೆಂದರ್ಥ. ಸ್ಟ್ರಾಟಮ್ ಸಂಖ್ಯೆ ಸಣ್ಣದಿದ್ದ ಮಾತ್ರಕ್ಕೆ ಗುಣಮಟ್ಟ ಹೆಚ್ಚು ಎಂದು ಭಾವಿಸಬಾರದು: ಖಂಡಾಂತರದ ಸ್ಟ್ರಾಟಮ್ 1ಕ್ಕಿಂತ ಪಕ್ಕದ ರ್‍ಯಾಕ್‌ನಲ್ಲಿರುವ ಸ್ಟ್ರಾಟಮ್ 3 ಎಷ್ಟೋ ಸಲ ಉತ್ತಮ.

ಸ್ಥಳೀಯ ಜಾಲದೊಳಗೆ ಎನ್‌ಟಿಪಿಯಿಂದ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ವ್ಯತ್ಯಾಸವನ್ನು ನಿರೀಕ್ಷಿಸಬಹುದು. ಅಂತರ್ಜಾಲದ ಮೂಲಕವಾದರೆ ಕೆಲವು ಮಿಲಿಸೆಕೆಂಡುಗಳಿಂದ ಕೆಲವು ಹತ್ತು ಮಿಲಿಸೆಕೆಂಡುಗಳವರೆಗೆ. ಮೈಕ್ರೋಸೆಕೆಂಡುಗಳ ನಿಖರತೆ ಬೇಕಾದವರು ಪಿಟಿಪಿ ಎಂಬ ಇನ್ನೂ ಸೂಕ್ಷ್ಮವಾದ ವಿಧಾನ ಮತ್ತು ಅದನ್ನು ಬೆಂಬಲಿಸುವ ಯಂತ್ರಾಂಶದ ಕಡೆಗೆ ಹೋಗಬೇಕಾಗುತ್ತದೆ. ಅದು ಬೇರೆಯೇ ಲೇಖನದ ವಿಷಯ.

ಹಂತ 2: ಈಗಿರುವ ಸ್ಥಿತಿಯನ್ನು ಪರಿಶೀಲಿಸುವುದು

ಪ್ರತಿ ಯಂತ್ರದಲ್ಲೂ ಮೊದಲು ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯನ್ನು ಕೊಟ್ಟು ನೋಡಿ. ಗಡಿಯಾರ ಹೊಂದಿಕೆಯಾಗಿದೆಯೇ, ಸಮಯವಲಯ ಯಾವುದು, ಬ್ಯಾಟರಿಯ ಮೇಲೆ ನಡೆಯುವ ಯಂತ್ರಾಂಶ ಗಡಿಯಾರ ಸ್ಥಳೀಯ ಸಮಯದಲ್ಲಿದೆಯೋ ಜಗತ್ತಿನ ಪ್ರಮಾಣಿತ ಸಮಯವಾದ ಯುಟಿಸಿಯಲ್ಲಿದೆಯೋ ಎಂಬುದು ಅಲ್ಲಿ ಕಾಣುತ್ತದೆ. ಯಂತ್ರಾಂಶ ಗಡಿಯಾರ ಯುಟಿಸಿಯಲ್ಲೇ ಇರಬೇಕು. ಸಮಯವಲಯದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಸರ್ವರ್‌ಗಳನ್ನು ಯುಟಿಸಿಯಲ್ಲಿಟ್ಟು, ಓದುವ ಪರದೆಯಲ್ಲಿ ಮಾತ್ರ ಭಾರತೀಯ ಕಾಲಮಾನಕ್ಕೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ನೀವು ‘ಏಷ್ಯಾ/ಕೋಲ್ಕತಾ’ ವಲಯವನ್ನೇ ಇಟ್ಟುಕೊಳ್ಳುವುದಾದರೆ, ಪ್ರತಿ ಲಾಗ್ ಸಾಲಿನಲ್ಲೂ +05:30 ಎಂಬ ಗುರುತು ಇರುವಂತೆ ನೋಡಿಕೊಳ್ಳಿ. ಎನ್‌ಟಿಪಿಗೂ ಸಮಯವಲಯಕ್ಕೂ ಸಂಬಂಧವಿಲ್ಲ. ಅದು ಯುಟಿಸಿಯನ್ನಷ್ಟೇ ಬಲ್ಲದು. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ದೋಷ ವಲಯದ ಹೊಂದಾಣಿಕೆಯಲ್ಲಿದೆಯೇ ಹೊರತು ಎನ್‌ಟಿಪಿಯಲ್ಲಲ್ಲ.

ನಂತರ, ಗಡಿಯಾರವನ್ನು ತಿದ್ದುವ ಪ್ರೋಗ್ರಾಂ ಒಂದೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಎನ್‌ಟಿಪಿಡಿ, ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ, ಕ್ರೋನಿಡಿ, ವರ್ಚುವಲ್ ಯಂತ್ರದ ಸಹಾಯಕ ಪ್ರೋಗ್ರಾಂ, ನಿಗದಿತ ಹೊತ್ತಿಗೆ ಆಜ್ಞೆಗಳನ್ನು ನಡೆಸುವ ಕ್ರಾನ್‌ನಲ್ಲಿ ಯಾರೋ ಹಿಂದೆಂದೋ ಬರೆದಿಟ್ಟ ‘ಎನ್‌ಟಿಪಿಡೇಟ್’ ಸಾಲು, ಇವುಗಳಲ್ಲಿ ಎರಡು ಒಟ್ಟಿಗೆ ನಡೆಯುತ್ತಿದ್ದರೆ ಒಂದು ತಿದ್ದಿದ್ದನ್ನು ಇನ್ನೊಂದು ಕೆಡಿಸುತ್ತದೆ. ಸರ್ವರ್‌ಗಳಿಗೆ ಕ್ರೋನಿಯನ್ನೇ ನಾನು ಶಿಫಾರಸು ಮಾಡುತ್ತೇನೆ. ರೆಡ್ ಹ್ಯಾಟ್ ತನ್ನ ಎಂಟನೇ ಆವೃತ್ತಿಯಲ್ಲಿ ಎನ್‌ಟಿಪಿಡಿಯನ್ನು ಕೈಬಿಟ್ಟು ಕ್ರೋನಿಯನ್ನು ಮಾತ್ರ ಉಳಿಸಿಕೊಂಡಿತು. ಟೈಮ್‌ಸಿಂಕ್‌ಡಿ ಲ್ಯಾಪ್‌ಟಾಪಿಗೆ ಸಾಕು. ಆದರೆ ಅದು ಒಂದು ಸಲಕ್ಕೆ ಒಂದೇ ಸರ್ವರ್‌ನ ಮಾತು ಕೇಳುವುದರಿಂದ, ಆ ಸರ್ವರ್ ತಪ್ಪು ಸಮಯ ಹೇಳಿದರೆ ಅದನ್ನು ಪತ್ತೆಹಚ್ಚುವ ದಾರಿಯೇ ಇರುವುದಿಲ್ಲ.

ಹಂತ 3: ಮೂಲಗಳನ್ನು ಆರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಹಂತ ಇದು. ಹೆಚ್ಚಿನವರು ಬೇಗನೆ ಮುಗಿಸಿಬಿಡುವುದೂ ಇದನ್ನೇ. ಒಂದೇ ಮೂಲವಿದ್ದರೆ ಅದು ಹೇಳಿದ್ದೇ ಸತ್ಯ. ಎರಡಿದ್ದು ಅವು ಪರಸ್ಪರ ಒಪ್ಪದಿದ್ದರೆ ಯಾವುದು ಸರಿ ಎಂದು ನಿರ್ಧರಿಸಲಾಗದು. ಮೂರಿದ್ದರೆ ಸುಳ್ಳು ಹೇಳುವ ಒಂದನ್ನು ಉಳಿದೆರಡರ ಬಹುಮತದಿಂದ ಹೊರಗಿಡಬಹುದು. ನಾಲ್ಕಿದ್ದರೆ ಅವುಗಳಲ್ಲಿ ಒಂದು ಕೈಕೊಟ್ಟಾಗಲೂ ಆ ಬಹುಮತ ಉಳಿಯುತ್ತದೆ.

ಆದರೆ ಎಣಿಸಬೇಕಾದದ್ದು ಹೆಸರುಗಳನ್ನಲ್ಲ, ಸ್ವತಂತ್ರ ಮೂಲಗಳನ್ನು. 2012ರ ನವೆಂಬರ್ 19ರಂದು ಅಮೆರಿಕದ ನೌಕಾ ವೀಕ್ಷಣಾಲಯದ ‘ಟಿಕ್’ ಮತ್ತು ‘ಟಾಕ್’ ಎಂಬ ಎರಡು ಹೆಸರಾಂತ ಸಮಯ ಸರ್ವರ್‌ಗಳು ಕೆಲಹೊತ್ತು 2000ನೇ ಇಸವಿಯನ್ನು ತೋರಿಸಿದವು. ಎರಡು ಹೆಸರು ಬರೆದಿಟ್ಟಿದ್ದೇವೆ ಎಂದು ನೆಮ್ಮದಿಯಿಂದಿದ್ದವರ ಜಾಲಗಳು ಹನ್ನೆರಡು ವರ್ಷ ಹಿಂದಕ್ಕೆ ಜಾರಿದವು. ಬೇರೆ ಸಂಸ್ಥೆಗಳ ಸರ್ವರ್‌ಗಳನ್ನೂ ಜೊತೆಗೆ ಕೇಳುತ್ತಿದ್ದವರಿಗೆ ಅವೆರಡನ್ನೂ ಬದಿಗೆ ಸರಿಸುವ ಅವಕಾಶವಿತ್ತು.

ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಮೂರು ವಿಳಾಸಗಳು ಇವು: ಎನ್‌ಐಸಿಯ ‘ಸಮಯ್1.ಎನ್‌ಐಸಿ.ಇನ್’ ಮತ್ತು ‘ಸಮಯ್2.ಎನ್‌ಐಸಿ.ಇನ್’, ಎನ್‌ಪಿಎಲ್‌ನ ‘ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್’. ಮೂರು ಹೆಸರುಗಳಾದರೂ ಸಂಸ್ಥೆಗಳು ಎರಡೇ. ಆದ್ದರಿಂದ ಜಾಲ ಸ್ವಲ್ಪ ದೊಡ್ಡದಾಗಿದ್ದರೆ ಒಂದು ಉಪಗ್ರಹ ಗ್ರಾಹಕವನ್ನು ಸರ್ವರ್ ಕೋಣೆಯಲ್ಲಿಟ್ಟು ಅದರ ಆಂಟೆನಾವನ್ನು ಮಹಡಿಯ ಮೇಲೆ ನಿಲ್ಲಿಸುವುದು ಯೋಗ್ಯ ವೆಚ್ಚ. ಆ ಗ್ರಾಹಕದಲ್ಲಿ ಪ್ರತಿ ಸೆಕೆಂಡಿಗೆ ಒಂದು ಮಿಡಿತ ಕೊಡುವ ಪಿಪಿಎಸ್ ಹೊರದಾರಿ ಇರಲೇಬೇಕು. ಯುಎಸ್‌ಬಿ ತಂತಿಯಲ್ಲಿ ಬರುವ ಸಮಯಸಂದೇಶ ಮಾತ್ರವಿದ್ದರೆ ಅದರ ಏರುಪೇರು ಅಂತರ್ಜಾಲದ ಸರ್ವರ್‌ಗಳಿಗಿಂತಲೂ ಹೆಚ್ಚಾಗಬಹುದು.

ಸ್ವಯಂಸೇವಕರು ನಡೆಸುವ ಎನ್‌ಟಿಪಿ ಪೂಲ್‌ನ ಸರ್ವರ್‌ಗಳನ್ನು ಏನು ಮಾಡಬೇಕು? ಮೂಲ ಗುರುತಿಸಬೇಕೆಂಬ ಷರತ್ತು ಇರುವಲ್ಲಿ, ಯಾರು ನಡೆಸುತ್ತಿದ್ದಾರೆಂದು ಹೇಳಲಾಗದ ಸರ್ವರ್‌ಗಳಿಂದ ಸಮಯ ತೆಗೆದುಕೊಳ್ಳುವುದು ಸರಿಯಲ್ಲ. ಆದರೂ ಸಾಕ್ಷಿಯಾಗಿ ಇಟ್ಟುಕೊಳ್ಳಬಹುದು. ಕ್ರೋನಿಯಲ್ಲಿ ‘ನೋಸೆಲೆಕ್ಟ್’ ಎಂಬ ಆಯ್ಕೆಯಿದೆ: ಅದನ್ನು ಸೇರಿಸಿದ ಮೂಲವನ್ನು ಕ್ರೋನಿ ಅಳೆಯುತ್ತದೆ, ತೋರಿಸುತ್ತದೆ, ಆದರೆ ಗಡಿಯಾರ ತಿದ್ದಲು ಎಂದೂ ಬಳಸುವುದಿಲ್ಲ. ಅಧಿಕೃತ ಮೂಲಗಳೆಲ್ಲ ಒಟ್ಟಿಗೆ ಪಕ್ಕಕ್ಕೆ ಸರಿದ ದಿನ ಈ ಸಾಕ್ಷಿಯೇ ನಿಮ್ಮನ್ನು ಎಚ್ಚರಿಸುವುದು.

ಆಯ್ಕೆಗೆ ಮೊದಲು ಪ್ರತಿ ಮೂಲವನ್ನೂ ನಿಮ್ಮ ಜಾಲದಿಂದಲೇ ಪರೀಕ್ಷಿಸಿ. ‘ಕ್ರೋನಿಡಿ -ಕ್ಯೂ’ ಆಜ್ಞೆಯಲ್ಲಿ ದೊಡ್ಡ ಅಕ್ಷರದ ಕ್ಯೂ ಬಳಸಿ, ಮುಂದೆ ಉದ್ಧರಣ ಚಿಹ್ನೆಯೊಳಗೆ ‘ಸರ್ವರ್ ಸಮಯ್1.ಎನ್‌ಐಸಿ.ಇನ್ ಐಬರ್ಸ್ಟ್’ ಎಂದು ಬರೆದರೆ, ಗಡಿಯಾರವನ್ನು ಮುಟ್ಟದೆ ವ್ಯತ್ಯಾಸವನ್ನಷ್ಟೇ ಅದು ಹೇಳುತ್ತದೆ. ಉತ್ತರವೇ ಬಾರದಿದ್ದರೆ ಹೊರಹೋಗುವ ಯುಡಿಪಿ 123ನೇ ಪೋರ್ಟ್ ಎಲ್ಲಿ ಮುಚ್ಚಿದೆಯೆಂದು ಹುಡುಕಿ.

ಹಂತ 4: ಆಂತರಿಕ ಸಮಯ ಸರ್ವರ್‌ಗಳ ಹೊಂದಾಣಿಕೆ

ಎಲ್ಲ ಯಂತ್ರಗಳೂ ನೇರವಾಗಿ ಹೊರಗಿನ ಸರ್ವರ್‌ಗಳನ್ನು ಕೇಳುವುದು ಬೇಡ. ಮೂರು ಆಂತರಿಕ ಸಮಯ ಸರ್ವರ್‌ಗಳನ್ನು ಮಾಡಿಕೊಳ್ಳಿ. ಎನ್‌ಟಿಪಿಗೆ ಬೇಕಾದ ಶಕ್ತಿ ಅತ್ಯಲ್ಪವಾದ್ದರಿಂದ ಹೊಸ ಯಂತ್ರ ಕೊಳ್ಳಬೇಕಿಲ್ಲ. ಡಿಎನ್‌ಎಸ್ ನಡೆಸುತ್ತಿರುವ ಭೌತಿಕ ಯಂತ್ರಗಳೇ ಸಾಕು. ವರ್ಚುವಲ್ ಯಂತ್ರಗಳನ್ನು ಮಾತ್ರ ಈ ಕೆಲಸಕ್ಕೆ ಆದಷ್ಟು ತಪ್ಪಿಸಿ.

ಕ್ರೋನಿಯ ಹೊಂದಾಣಿಕೆ ಕಡತ ರೆಡ್ ಹ್ಯಾಟ್ ಕುಟುಂಬದಲ್ಲಿ ‘/ಇಟಿಸಿ/ಕ್ರೋನಿ.ಕಾನ್ಫ್’, ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘/ಇಟಿಸಿ/ಕ್ರೋನಿ/ಕ್ರೋನಿ.ಕಾನ್ಫ್’. ಅದರಲ್ಲಿ ಮೊದಲೇ ಇರುವ ಪೂಲ್ ಸಾಲುಗಳನ್ನು ತೆಗೆದು ಹೀಗೆ ಬರೆಯಿರಿ:

ಸರ್ವರ್ ಸಮಯ್1.ಎನ್‌ಐಸಿ.ಇನ್ ಐಬರ್ಸ್ಟ್
ಸರ್ವರ್ ಸಮಯ್2.ಎನ್‌ಐಸಿ.ಇನ್ ಐಬರ್ಸ್ಟ್
ಸರ್ವರ್ ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್ ಐಬರ್ಸ್ಟ್
ಸರ್ವರ್ ಇನ್.ಪೂಲ್.ಎನ್‌ಟಿಪಿ.ಆರ್ಗ್ ನೋಸೆಲೆಕ್ಟ್
ಮೇಕ್‌ಸ್ಟೆಪ್ 1.0 3
ಆರ್‌ಟಿಸಿಸಿಂಕ್
ಅಲೋ 10.20.0.0/16
ಲೋಕಲ್ ಸ್ಟ್ರಾಟಮ್ 10 ಆರ್ಫನ್

ಕಡತದಲ್ಲಿ ಮೊದಲೇ ಇರುವ ‘ಡ್ರಿಫ್ಟ್‌ಫೈಲ್’ ಸಾಲನ್ನು ಅಳಿಸಬೇಡಿ. ಹರಳು ಎಷ್ಟು ತಪ್ಪುತ್ತದೆ ಎಂಬುದನ್ನು ಕ್ರೋನಿ ಅಲ್ಲಿ ಬರೆದಿಟ್ಟುಕೊಂಡು, ಮರುಚಾಲನೆಯ ನಂತರ ಕಲಿತದ್ದನ್ನು ಮತ್ತೆ ಕಲಿಯುವ ಹೊತ್ತನ್ನು ಉಳಿಸುತ್ತದೆ. ‘ಐಬರ್ಸ್ಟ್’ ಇದ್ದರೆ ಆರಂಭದಲ್ಲಿ ಕೆಲವು ಕೋರಿಕೆಗಳು ಬೇಗಬೇಗನೆ ಹೋಗಿ ಮೊದಲ ಹೊಂದಾಣಿಕೆ ಸೆಕೆಂಡುಗಳಲ್ಲೇ ಮುಗಿಯುತ್ತದೆ.

‘ಮೇಕ್‌ಸ್ಟೆಪ್ 1.0 3’ ಎಂಬ ಸಾಲಿನ ಅರ್ಥವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಚಾಲನೆಯಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ವ್ಯತ್ಯಾಸ ಒಂದು ಸೆಕೆಂಡಿಗಿಂತ ಹೆಚ್ಚಿದ್ದರೆ ಮಾತ್ರ ಗಡಿಯಾರವನ್ನು ಒಮ್ಮೆಲೇ ಹಾರಿಸು, ಆಮೇಲೆ ಏನೇ ಆದರೂ ವೇಗವನ್ನು ಕೊಂಚ ಹೆಚ್ಚಿಸಿಯೋ ತಗ್ಗಿಸಿಯೋ ನಿಧಾನವಾಗಿ ಸರಿಪಡಿಸು ಎಂದು ಅದು ಹೇಳುತ್ತದೆ. ನಡೆಯುತ್ತಿರುವ ದತ್ತಸಂಗ್ರಹದ ಕೆಳಗೆ ಗಡಿಯಾರ ಹಿಂದಕ್ಕೆ ಹಾರಿದರೆ ಒಂದೇ ಕ್ಷಣ ಎರಡು ಸಲ ಬರುತ್ತದೆ. ದಾಖಲೆಗಳ ಅನುಕ್ರಮ ಕೆಡುತ್ತದೆ. ಮೂರರ ಬದಲು -1 ಬರೆದರೆ ಯಾವಾಗ ಬೇಕಾದರೂ ಹಾರಿಸುವ ಅನುಮತಿ ಕೊಟ್ಟಂತಾಗುವುದರಿಂದ, ಮುಖ್ಯ ಸರ್ವರ್‌ಗಳಲ್ಲಿ ಹಾಗೆ ಬರೆಯಬಾರದು.

‘ಲೋಕಲ್’ ಸಾಲು ಹೊರಸಂಪರ್ಕ ಪೂರ್ತಿ ಕಡಿದಾಗ ಆಂತರಿಕ ಯಂತ್ರಗಳು ಕನಿಷ್ಠಪಕ್ಷ ತಮ್ಮತಮ್ಮೊಳಗೆ ಒಂದೇ ಸಮಯದಲ್ಲಿ ಉಳಿಯಲೆಂದು. ‘ಆರ್ಫನ್’ ಎಂಬ ಪದ ಬಿಟ್ಟುಹೋದರೆ ಮೂರೂ ಸರ್ವರ್‌ಗಳು ತಾವೇ ಮೂಲವೆಂದು ಹೇಳಿಕೊಳ್ಳುತ್ತ ಮೂರು ದಿಕ್ಕಿಗೆ ಸರಿಯಬಹುದು. ಆರ್ಫನ್ ಕೆಲಸ ಮಾಡಬೇಕಾದರೆ ಪ್ರತಿ ಸಮಯ ಸರ್ವರ್‌ನ ಕಡತದಲ್ಲೂ ಉಳಿದೆರಡರ ಹೆಸರನ್ನು ‘ಸರ್ವರ್’ ಸಾಲುಗಳಾಗಿ ಸೇರಿಸಬೇಕು.

‘ಅಲೋ’ ಸಾಲಿನಲ್ಲಿ ನಿಮ್ಮ ಜಾಲದ ವಿಳಾಸಶ್ರೇಣಿಯನ್ನಷ್ಟೇ ಬರೆಯಿರಿ. ಯುಡಿಪಿಯಲ್ಲಿ ಕಳುಹಿಸುವವರ ವಿಳಾಸವನ್ನು ಸುಳ್ಳಾಗಿಸಬಹುದಾದ್ದರಿಂದ, ಜಗತ್ತಿಗೆ ತೆರೆದಿಟ್ಟ ಎನ್‌ಟಿಪಿ ಸರ್ವರ್ ಇನ್ನೊಬ್ಬರ ಮೇಲಿನ ದಾಳಿಗೆ ಆಯುಧವಾಗಬಲ್ಲದು. ಹಳೆಯ ಎನ್‌ಟಿಪಿಡಿಯ ‘ಮಾನ್‌ಲಿಸ್ಟ್’ ಆಜ್ಞೆಯನ್ನು ಬಳಸಿಕೊಂಡು 2014ರ ಆರಂಭದಲ್ಲಿ ನಡೆದ ಭಾರೀ ದಾಳಿಗಳು ಇದೇ ಬಗೆಯವು. ನಿಮ್ಮ ಮೂಲವು ಎನ್‌ಟಿಎಸ್ ಅನ್ನು ಬೆಂಬಲಿಸುವುದಾದರೆ ಸರ್ವರ್ ಸಾಲಿನ ಕೊನೆಗೆ ‘ಎನ್‌ಟಿಎಸ್’ ಎಂದು ಸೇರಿಸಿ, ಹೊರಹೋಗುವ ಟಿಸಿಪಿ 4460ನ್ನೂ ತೆರೆಯಿರಿ. 2020ರಲ್ಲಿ ಪ್ರಮಾಣೀಕರಣಗೊಂಡ ಈ ವಿಧಾನದಲ್ಲಿ ಉತ್ತರ ನಿಜವಾಗಿಯೂ ಆ ಸರ್ವರ್‌ನಿಂದಲೇ ಬಂತೆಂಬುದನ್ನು ಪರಿಶೀಲಿಸಬಹುದು. ದಾರಿಯಲ್ಲಿ ಯಾರಾದರೂ ವಿಳಂಬ ಮಾಡುವುದನ್ನು ಅದೂ ತಡೆಯಲಾರದು.

ಹಂತ 5: ಉಳಿದ ಯಂತ್ರಗಳು

ಇಲ್ಲಿ ಕೆಲಸ ಚಿಕ್ಕದು. ಮೂರೂ ಆಂತರಿಕ ಸರ್ವರ್‌ಗಳ ಹೆಸರನ್ನು ‘ಐಬರ್ಸ್ಟ್ ಮಿನ್‌ಪೋಲ್ 4 ಮ್ಯಾಕ್ಸ್‌ಪೋಲ್ 6’ ಆಯ್ಕೆಗಳೊಂದಿಗೆ ಬರೆದು, ‘ಮಿನ್‌ಸೋರ್ಸಸ್ 2’ (ಕನಿಷ್ಠ ಎರಡು ಮೂಲಗಳು ಒಪ್ಪಿದರೆ ಮಾತ್ರ ಗಡಿಯಾರ ತಿದ್ದು) ಎಂಬ ಸಾಲನ್ನೂ ಸೇರಿಸಿ. ಪೋಲ್ ಸಂಖ್ಯೆಗಳು ಎರಡರ ಘಾತಗಳು: 4 ಎಂದರೆ 16 ಸೆಕೆಂಡಿಗೊಮ್ಮೆ, 6 ಎಂದರೆ 64 ಸೆಕೆಂಡಿಗೊಮ್ಮೆ. ನಮ್ಮದೇ ಸರ್ವರ್‌ಗಳನ್ನು ಹೀಗೆ ಪದೇಪದೇ ಕೇಳಬಹುದು. ಸಾರ್ವಜನಿಕ ಸರ್ವರ್‌ಗಳನ್ನು ಹೀಗೆ ಕೇಳುವುದು ಸಭ್ಯತೆಯಲ್ಲ. ಸೇವೆಯನ್ನು ಮರುಚಾಲನೆ ಮಾಡುವಾಗ ರೆಡ್ ಹ್ಯಾಟ್‌ನಲ್ಲಿ ಅದರ ಹೆಸರು ಕ್ರೋನಿಡಿ, ಡೆಬಿಯನ್‌ನಲ್ಲಿ ಕ್ರೋನಿ ಎಂಬುದು ನೆನಪಿರಲಿ.

ಕಂಟೇನರ್‌ಗಳ ಒಳಗೆ ಏನನ್ನೂ ಅಳವಡಿಸಬೇಕಿಲ್ಲ. ಅವು ಆತಿಥೇಯ ಯಂತ್ರದ ಗಡಿಯಾರವನ್ನೇ ಬಳಸುತ್ತವೆ. ಕೆವಿಎಂ ವರ್ಚುವಲ್ ಯಂತ್ರಗಳಲ್ಲಿ ‘ಪಿಟಿಪಿ_ಕೆವಿಎಂ’ ಘಟಕವನ್ನು ಸೇರಿಸಿದರೆ ಆತಿಥೇಯದ ಗಡಿಯಾರವನ್ನು ಜಾಲದ ವಿಳಂಬವಿಲ್ಲದೆ ನೇರವಾಗಿ ಓದಬಹುದು. ಆತಿಥೇಯ ಸರಿಯಿದ್ದರೆ ಇದಕ್ಕಿಂತ ಒಳ್ಳೆಯ ಮೂಲ ಇನ್ನೊಂದಿಲ್ಲ. ತಡೆಹಿಡಿದು ಮತ್ತೆ ಎಬ್ಬಿಸುವ ಪರೀಕ್ಷಾ ಯಂತ್ರಗಳಲ್ಲಿ ಮಾತ್ರ ‘ಮೇಕ್‌ಸ್ಟೆಪ್ 1 -1’ ಕ್ಷಮ್ಯ. ಅಮೆಜಾನ್ ಕ್ಲೌಡ್‌ನಲ್ಲಿರುವವರಿಗೆ 169.254.169.123 ಎಂಬ ಸಮೀಪದ ಸಮಯಸೇವೆ ಲಭ್ಯವಿದೆ. ಅಲ್ಲೊಂದು ಸೂಕ್ಷ್ಮವಿದೆ: ಅಮೆಜಾನ್ ಮತ್ತು ಗೂಗಲ್ ಅಧಿಕ ಸೆಕೆಂಡನ್ನು (ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಆಗೊಮ್ಮೆ ಈಗೊಮ್ಮೆ ಸೇರಿಸುವ ಒಂದು ಸೆಕೆಂಡು) ಒಮ್ಮೆಲೇ ಸೇರಿಸದೆ ದಿನವಿಡೀ ತೆಳುವಾಗಿ ಹರಡುತ್ತವೆ. ಹಾಗೆ ಹರಡುವ ಮೂಲವನ್ನೂ ಹರಡದ ಮೂಲವನ್ನೂ ಒಂದೇ ಕಡತದಲ್ಲಿ ಬೆರೆಸಿದರೆ, ಆ ದಿನ ಅವುಗಳ ನಡುವೆ ಅರ್ಧ ಸೆಕೆಂಡಿನವರೆಗೂ ಅಂತರ ಬೆಳೆದು ಯಾವುದನ್ನು ನಂಬಬೇಕೆಂಬ ಗೊಂದಲ ಹುಟ್ಟುತ್ತದೆ.

ಅಧಿಕ ಸೆಕೆಂಡು ಯುಟಿಸಿಯ ಮಧ್ಯರಾತ್ರಿಗೆ ಸೇರುವುದರಿಂದ ಭಾರತದಲ್ಲಿ ಅದು ಬೆಳಗಿನ 5:30ಕ್ಕೆ ಬರುತ್ತದೆ. 2012ರ ಜುಲೈ 1ರ ಆ ಹೊತ್ತಿನಲ್ಲಿ ಲಿನಕ್ಸ್ ಕರ್ನಲ್‌ನ ಟೈಮರ್ ದೋಷವೊಂದರಿಂದ ಜಗತ್ತಿನ ಅನೇಕ ಸರ್ವರ್‌ಗಳ ಸಿಪಿಯು ಬಳಕೆ ಗಗನಕ್ಕೇರಿತ್ತು. ಕೊನೆಯ ಅಧಿಕ ಸೆಕೆಂಡು ಸೇರಿದ್ದು 2017ರ ಜನವರಿ 1ರಂದು, ನಮ್ಮ ಕಾಲಮಾನದಲ್ಲಿ. 2035ರ ಒಳಗೆ ಈ ಪದ್ಧತಿಯನ್ನು ಕೈಬಿಡಲು 2022ರ ನವೆಂಬರ್‌ನಲ್ಲಿ ಅಳತೆ ಮತ್ತು ತೂಕಗಳ ಅಂತರರಾಷ್ಟ್ರೀಯ ಸಮ್ಮೇಳನ ನಿರ್ಣಯಿಸಿದೆ.

ಹಂತ 6: ಫಲಿತಾಂಶವನ್ನು ಓದುವುದು

‘ಕ್ರೋನಿಸಿ ಸೋರ್ಸಸ್ -ವಿ’ ಆಜ್ಞೆ ಮೂಲಗಳ ಪಟ್ಟಿಯನ್ನು ತೋರಿಸುತ್ತದೆ. ಹೆಸರಿನ ಹಿಂದೆ * ಇದ್ದರೆ ಅದು ಈಗ ಆಯ್ಕೆಯಾದ ಮೂಲ; + ಇದ್ದರೆ ಅದರ ಜೊತೆ ಲೆಕ್ಕಕ್ಕೆ ಸೇರಿದ್ದು; ? ಇದ್ದರೆ ತಲುಪಲಾಗದ್ದು ಅಥವಾ ಬಳಕೆಗೆ ಸಿಗದದ್ದು. ಎಕ್ಸ್ ಅಕ್ಷರವಿದ್ದರೆ ಬಹುಮತದ ವಿರುದ್ಧ ಸಮಯ ಹೇಳುತ್ತಿರುವುದು. ‘ರೀಚ್’ ಕಾಲಮಿನಲ್ಲಿ 377 ಕಂಡರೆ ಕಳೆದ ಎಂಟು ಕೋರಿಕೆಗಳಿಗೂ ಉತ್ತರ ಬಂದಿದೆ ಎಂದರ್ಥ; ಅದು ಎಂಟರ ಆಧಾರದ ಸಂಖ್ಯೆಯಾದ್ದರಿಂದ ಹಾಗೆ ವಿಚಿತ್ರವಾಗಿ ಕಾಣುತ್ತದೆ.

ನಿಜವಾದ ಉತ್ತರವಿರುವುದು ‘ಕ್ರೋನಿಸಿ ಟ್ರ್ಯಾಕಿಂಗ್’ ಆಜ್ಞೆಯಲ್ಲಿ. ‘ಸಿಸ್ಟಮ್ ಟೈಮ್’ ಸಾಲಿನಲ್ಲಿ ಕೆಲವೇ ಮೈಕ್ರೋಸೆಕೆಂಡುಗಳನ್ನು ಕಂಡು ಹಿಗ್ಗುವವರು ಬಹಳ. ಆದರೆ ಅದು ಕ್ರೋನಿಯ ಅಂದಾಜಿಗೂ ಗಡಿಯಾರಕ್ಕೂ ಇರುವ ಅಂತರವೇ ಹೊರತು, ಗಡಿಯಾರಕ್ಕೂ ನಿಜ ಸಮಯಕ್ಕೂ ಇರುವ ಅಂತರವಲ್ಲ. ಗರಿಷ್ಠ ದೋಷದ ಮಿತಿ ಬೇಕಾದರೆ ‘ಸಿಸ್ಟಮ್ ಟೈಮ್’ನ ಅಂತರಕ್ಕೆ ‘ರೂಟ್ ಡಿಸ್ಪರ್ಶನ್’ (ಮೂಲದಿಂದ ನಮ್ಮವರೆಗೆ ಕೂಡುತ್ತ ಬಂದ ಅನಿಶ್ಚಿತತೆ) ಅನ್ನೂ ‘ರೂಟ್ ಡಿಲೇ’ಯ (ಮೂಲದವರೆಗೆ ಹೋಗಿಬರುವ ಒಟ್ಟು ವಿಳಂಬದ) ಅರ್ಧವನ್ನೂ ಕೂಡಬೇಕು. ಉದಾಹರಣೆಗೆ ಅಂತರ 0.04 ಮಿಲಿಸೆಕೆಂಡು, ಡಿಸ್ಪರ್ಶನ್ 1.5 ಮಿಲಿಸೆಕೆಂಡು, ಡಿಲೇ 36 ಮಿಲಿಸೆಕೆಂಡು ಇದ್ದರೆ, ನಿಮ್ಮ ಗಡಿಯಾರ ಹೆಚ್ಚೆಂದರೆ 19.54 ಮಿಲಿಸೆಕೆಂಡು ತಪ್ಪಿರಬಹುದು. ವಾಸ್ತವದ ತಪ್ಪು ಇದಕ್ಕಿಂತ ಬಹಳ ಕಡಿಮೆಯಿರುವ ಸಾಧ್ಯತೆ ಹೆಚ್ಚು. ಆದರೂ ತನಿಖಾಧಿಕಾರಿಯ ಅಥವಾ ಲೆಕ್ಕಪರಿಶೋಧಕರ ಮುಂದೆ ಧೈರ್ಯವಾಗಿ ಹೇಳಬಹುದಾದ ಅಂಕಿ ಇದೊಂದೇ.

ಹಂತ 7: ನಿಗಾ ಮತ್ತು ಪರೀಕ್ಷೆ

ಮೇಲಿನ ಮೊತ್ತವನ್ನು ಪ್ರತಿ ನಿಮಿಷ ಲೆಕ್ಕಹಾಕಿ ನಿಗಾ ವ್ಯವಸ್ಥೆಗೆ ಕಳುಹಿಸುವ ಪುಟ್ಟ ಸ್ಕ್ರಿಪ್ಟ್ ಬರೆಯಿರಿ. 100 ಮಿಲಿಸೆಕೆಂಡು ದಾಟಿದರೆ ಎಚ್ಚರಿಕೆ, 500 ದಾಟಿದರೆ ಕರೆ, ಇಷ್ಟು ಆರಂಭಕ್ಕೆ ಸಾಕು. ಕಾಕ್ರೋಚ್‌ಡಿಬಿಯಂತೆ ಸಾಮಾನ್ಯ ಮಿತಿಯೇ 500 ಮಿಲಿಸೆಕೆಂಡು ಇರುವ ದತ್ತಸಂಗ್ರಹವಿದ್ದರೆ ಈ ಅಂಕಿಗಳನ್ನು ಇಳಿಸಬೇಕು. ‘ಟೈಮ್‌ಡೇಟ್‌ಸಿಟಿಎಲ್’ ಹೇಳುವ ‘ಹೊಂದಿಕೆಯಾಗಿದೆ’ ಎಂಬ ಒಂದು ಪದವನ್ನು ನೆಚ್ಚಿಕೊಳ್ಳಬೇಡಿ: ಕ್ರೋನಿಡಿ ನಿಂತುಹೋದ ಮೇಲೂ ಕರ್ನಲ್ ಕೆಲವು ಗಂಟೆಗಳ ಕಾಲ ಅದನ್ನೇ ಹೇಳುತ್ತಿರಬಲ್ಲದು. ‘ನೋಸೆಲೆಕ್ಟ್’ ಸಾಕ್ಷಿಗೂ ಆಯ್ಕೆಯಾದ ಮೂಲಕ್ಕೂ ಇರುವ ಅಂತರಕ್ಕೆ ಪ್ರತ್ಯೇಕ ಎಚ್ಚರಿಕೆಯನ್ನು ಇಡಿ.

ಕೊನೆಯದಾಗಿ, ಕೆಲಸದ ಒತ್ತಡವಿಲ್ಲದ ಒಂದು ದಿನ, ಒಂದು ಸಮಯ ಸರ್ವರ್‌ನಿಂದ ಹೊರಗಿನ ಮೂಲಗಳಿಗೂ ಉಳಿದೆರಡು ಸಮಯ ಸರ್ವರ್‌ಗಳಿಗೂ ಹೋಗುವ ಯುಡಿಪಿ 123ನ್ನು ಬೇಕೆಂದೇ ಮುಚ್ಚಿ. ರೀಚ್ ಸಂಖ್ಯೆ ಇಳಿಯುತ್ತ ಸೊನ್ನೆಗೆ ಬರುವುದನ್ನೂ, ರೂಟ್ ಡಿಸ್ಪರ್ಶನ್ ಗಂಟೆಗಂಟೆಗೂ ಬೆಳೆಯುವುದನ್ನೂ, ಉಳಿದ ಯಂತ್ರಗಳು ತಾವಾಗಿಯೇ ಬೇರೆರಡು ಸರ್ವರ್‌ಗಳತ್ತ ವಾಲುವುದನ್ನೂ ಗಮನಿಸಿ. 24 ಗಂಟೆಗಳ ನಂತರ ‘ಕ್ರೋನಿಡಿ -ಕ್ಯೂ’ದಿಂದ (ಇಲ್ಲೂ ದೊಡ್ಡ ಅಕ್ಷರದ ಕ್ಯೂ) ಆ ಯಂತ್ರದ ಗಡಿಯಾರವನ್ನು ಪೋರ್ಟ್ ಮುಚ್ಚದ ಬೇರೊಂದು ಸರ್ವರ್‌ನೊಂದಿಗೆ ಹೋಲಿಸಲು ಆ ಒಂದು ವಿಳಾಸಕ್ಕಷ್ಟೇ ದಾರಿ ತೆರೆದು, ಬಂದ ವ್ಯತ್ಯಾಸವನ್ನು ಬರೆದಿಡಿ. ಸಂಪರ್ಕ ಕಡಿದ ಒಂದು ದಿನದಲ್ಲಿ ನಿಮ್ಮ ಯಂತ್ರ ಎಷ್ಟು ದೂರ ಸರಿಯುತ್ತದೆ ಎಂಬ ಅಂಕಿ ಅದು. ಬಳಿಕ ಪೋರ್ಟನ್ನು ಪೂರ್ತಿ ತೆರೆದು, ‘ಕ್ರೋನಿಸಿ ವೇಟ್‌ಸಿಂಕ್’ ಮುಗಿಯುವವರೆಗೆ ಕಾದು, ಸರ್ವರ್ ಅನ್ನು ಕೆಲಸಕ್ಕೆ ಮರಳಿಸಿ.